ಜೇಬಿನ ಚಾಕುವಿಗೆ ಯಾವ ದಾರ ಕಟ್ಟಬೇಕು?

ಬಳ್ಳಾರಿಯ ನೀವು ಕೇಳಿದ್ದು: ಮಡಚುವ ಚಾಕುವಿನ ಹಿಡಿಯಲ್ಲಿರುವ ಸಣ್ಣ ತೂತಿಗೆ ದಾರ ಕಟ್ಟಬೇಕು, ಚರ್ಮ, ಹತ್ತಿ, ನೈಲಾನ್‌ಗಳಲ್ಲಿ ಯಾವುದು ಒಳ್ಳೆಯದು, ಹೆಣೆಯುವುದು ಹೇಗೆ?

ನಾನು ಕುಷ್ಟಗಿ ಕಡೆಯವನು. ದಾಳಿಂಬೆ ತೋಟದಲ್ಲಿ ಹನಿ ನೀರಾವರಿ ಪೈಪು ಕತ್ತರಿಸಲು, ಗೊಬ್ಬರದ ಚೀಲ ಬಿಚ್ಚಲು ಚಾಕು ದಿನವೂ ಬೇಕು. ಅಂಥ ಬಳಕೆಗಾದರೆ ನೈಲಾನನ್ನೇ ಆರಿಸಿಕೊಳ್ಳಿ. ಹತ್ತಿದಾರ ಕೈಗೆ ಹಿತ, ನಿಜ. ಆದರೆ ಬೆವರು ಹೀರಿ, ಎರೆಮಣ್ಣು ಮೆತ್ತಿಕೊಂಡು, ಒಂದು ಮಳೆಗಾಲ ಕಳೆಯುವುದರೊಳಗೆ ನಾರತೊಡಗುತ್ತದೆ. ಚರ್ಮ ನೋಡಲು ಚೆಂದ. ನಮ್ಮ ಬೇಸಿಗೆಯಲ್ಲಿ ನೆನೆದು ಒಣಗಿ, ನೆನೆದು ಒಣಗಿ ಸೆಟೆದುಕೊಳ್ಳುತ್ತದೆ, ಆಗಾಗ ಎಣ್ಣೆ ಸವರಬೇಕು. ಪುಂಡಿನಾರು ಎತ್ತಿನ ಹಗ್ಗಕ್ಕೆ ಸರಿ, ಜೇಬಿಗೆ ಒರಟು.

ಪ್ಯಾರಾಕಾರ್ಡ್ ಎಂದು ಮಾರುವ ಹಗ್ಗ ಸುಮಾರು 4 ಮಿ.ಮೀ. ದಪ್ಪ. 550 ಎಂಬ ಗುರುತು ಅದು ತಡೆಯುವ ಭಾರ, ಪೌಂಡ್‌ಗಳಲ್ಲಿ. ಅಂದರೆ ಸುಮಾರು 250 ಕಿಲೋ. ಚಾಕುವಿಗೆ ಅಷ್ಟೆಲ್ಲ ಬೇಡ. ತೂತು ಚಿಕ್ಕದಿದ್ದರೆ ಒಳಗಿನ ಎಳೆಗಳನ್ನು ಎಳೆದು ಹಾಕಿ. ಚಪ್ಪಟೆಯಾದ ಹೊರಕವಚ ಸಲೀಸಾಗಿ ತೂರುತ್ತದೆ. ಅದೂ ಸಿಗದಿದ್ದರೆ ಸಂತೆಯಲ್ಲಿ ಮೂಗುದಾರ, ಗೊಂಡೆ ಮಾರುವವರ ಬಳಿ 2 ಮಿ.ಮೀ. ನೈಲಾನ್ ಹುರಿ ಕೇಳಿ. ಕಾರಹುಣ್ಣಿಮೆಯ ಹೊತ್ತಿಗೆ ಬಣ್ಣಗಳಿಗೆ ಬರವಿಲ್ಲ. ಕೆಂಪೋ ಹಳದಿಯೋ ಇರಲಿ, ಹುಲ್ಲಿನಲ್ಲಿ ಬಿದ್ದರೆ ಕಣ್ಣಿಗೆ ಬೀಳುತ್ತದೆ.

ಹುರಿಯನ್ನು ನಡುವೆ ಮಡಚಿ, ಆ ಮಡಿಕೆಯನ್ನು ತೆಳು ತಂತಿಯಿಂದ ತೂತಿನಾಚೆ ಎಳೆದು, ಎರಡೂ ತುದಿಗಳನ್ನು ಅದರೊಳಗೆ ತೂರಿಸಿ ಬಿಗಿಯಿರಿ. ಅಲ್ಲಿಂದ ಬರಿಯ ಗಂಟು ಹಾಕಿ ಮುಗಿಸಬಹುದು. ಹೆಣಿಗೆಯೇ ಬೇಕೆಂದರೆ ಈ ಎರಡು ಎಳೆಗಳನ್ನು ನಡುವೆ ಇಟ್ಟು, ಇನ್ನೊಂದು ಹುರಿಯ ನಡುಭಾಗವನ್ನು ಅವುಗಳ ಹಿಂದೆ ಅಡ್ಡ ಇಟ್ಟು, ಅದರ ಎರಡು ತುದಿಗಳಿಂದ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಗಂಟು ಹಾಕುತ್ತಾ ಹೋಗಿ. ಒಂದೇ ಕಡೆಯಿಂದ ಹಾಕಿದರೆ ಪಟ್ಟಿ ತಿರುಪಿನಂತೆ ಸುತ್ತಿಕೊಳ್ಳುತ್ತದೆ. ಪ್ಯಾರಾಕಾರ್ಡ್‌ನಲ್ಲಿ ಇಂಚು ಹೆಣಿಗೆಗೆ ಸುಮಾರು ಒಂದು ಅಡಿ ಹಗ್ಗ ಲೆಕ್ಕವಿಟ್ಟುಕೊಳ್ಳಿ.

ತುದಿಗಳನ್ನು ಬೆಂಕಿಕಡ್ಡಿಯಿಂದ ಕರಗಿಸಿ ಚಮಚದ ಬೆನ್ನಿನಿಂದ ಒತ್ತಿ, ಬೆರಳಿನಿಂದಲ್ಲ. ಕರಗಿದ ನೈಲಾನ್ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ.

ಉದ್ದ ಮೂರು ಇಂಚು ಸಾಕು, ಜೇಬಿನಿಂದ ಎಳೆಯಲು. ಕೊರಳಿಗೆ ತೂಗುಹಾಕುವ ಉದ್ದ ಬೇಡವೇ ಬೇಡ: ರಾಶಿಯಂತ್ರದ ಬಳಿ ನೇತಾಡುವ ದಾರ ತಿರುಗುವ ಭಾಗಕ್ಕೆ ಸಿಕ್ಕರೆ ಆಳನ್ನೇ ಎಳೆದುಕೊಳ್ಳುತ್ತದೆ. ತೂತಿನ ಅಂಚಿಗೆ ಉಜ್ಜುವ ಜಾಗವನ್ನು ಆಗಾಗ ನೋಡುತ್ತಿರಿ. ಅಲ್ಲಿ ನೂಲು ಎದ್ದಿದ್ದರೆ ಬಿಚ್ಚಿ ಹೊಸದು ಕಟ್ಟಿ.