ಪ್ಲಗ್ ಹಾಕಿದ್ರೂ ಚಾರ್ಜ್ ಏರ್ತಿಲ್ಲ, ಬ್ಯಾಟರಿ ಬದಲಿಸಲೇಬೇಕಾ?

ಸದ್ಯಕ್ಕೆ ಬ್ಯಾಟರಿಗೆ ದುಡ್ಡು ಹಾಕಬೇಡಿ. ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ನಡೆಯುತ್ತೆ, ಆದರೆ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅಂತ ತೋರಿಸುತ್ತೆ, ರಿಪೇರಿಯವರು ಮೀಟರ್ ಇಟ್ಟು ನೋಡಿ ಚಾರ್ಜರ್ ಸರಿ ಇದೆ, ಬ್ಯಾಟರಿ ಹೋಗಿದೆ ಅಂದರು ಅಂತ ಬರೆದಿದ್ದೀರಿ. ಬ್ಯಾಟರಿಯೇ ಕೆಟ್ಟಿರಬಹುದು, ಇಲ್ಲ ಅನ್ನೋದಿಲ್ಲ. ಆದರೆ ಇದೇ ಲಕ್ಷಣ ತೋರಿಸೋ ಬೇರೆ ಕಾರಣಗಳಿವೆ, ಅವುಗಳಲ್ಲಿ ಒಂದು ಮೀಟರಿಗೆ ಸಿಗೋದೇ ಇಲ್ಲ.

ಶೇಕಡಾ ಎಷ್ಟರಲ್ಲಿ ನಿಂತಿದೆ ಅಂತ ನೀವು ಹೇಳಿಲ್ಲ. ಮೊದಲು ನೋಡಬೇಕಾದ್ದು ಅದನ್ನೇ. 60ರ ಹತ್ತಿರವೋ 80ರ ಹತ್ತಿರವೋ ಹೋಗಿ ಕದಲದೆ ಕೂತಿದ್ದರೆ ಅದು ಬಹುಮಟ್ಟಿಗೆ ಕಾಯಿಲೆಯೇ ಅಲ್ಲ. ಲಿಥಿಯಂ ಬ್ಯಾಟರಿಯನ್ನು ಸದಾ ನೂರರಲ್ಲೇ ಇಟ್ಟರೆ ಬೇಗ ಸವೆಯುತ್ತೆ ಅಂತ ಕಂಪನಿಗಳೇ ಒಂದು ಮಿತಿ ಇಟ್ಟಿರುತ್ತವೆ. ಲೆನೊವೊದಲ್ಲಿ ‘ಕನ್ಸರ್ವೇಶನ್ ಮೋಡ್’, ಏಸುಸ್‌ನಲ್ಲಿ ‘ಬ್ಯಾಟರಿ ಹೆಲ್ತ್ ಚಾರ್ಜಿಂಗ್’, ಹೀಗೆ ಒಬ್ಬೊಬ್ಬರದು ಒಂದೊಂದು ಹೆಸರು. ಡೆಲ್‌ನಲ್ಲಿ ಇದೇ ಬಗೆಯ ಆಯ್ಕೆ ಬಯೋಸ್ ಒಳಗೂ, ಅಂದರೆ ವಿಂಡೋಸ್ ಶುರುವಾಗೋ ಮೊದಲೇ ತೆರೆಯೋ ಸೆಟ್ಟಿಂಗ್ ಪರದೆಯಲ್ಲೂ ಇರುತ್ತೆ. ಮನೆಯಲ್ಲಿ ಯಾರೋ ಒಮ್ಮೆ ಆನ್ ಮಾಡಿ ಮರೆತಿರ್ತಾರೆ. ಆಫ್ ಮಾಡಿದ ಮೇಲೆ ಅಂಕಿ ಏರಿದರೆ ನಿಮ್ಮ ಸಮಸ್ಯೆ ಮುಗಿಯಿತು, ಮುಂದೆ ಓದೋದೇ ಬೇಡ.

ಅಂಕಿ 20ರಲ್ಲೋ 37ರಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಚಾರ್ಜರ್ ಕಡೆ ಬನ್ನಿ. ದುಂಡು ಪಿನ್ನಿನ ಡೆಲ್, ಎಚ್‌ಪಿ ಚಾರ್ಜರ್‌ಗಳ ತುದಿಯನ್ನು ಟಾರ್ಚ್ ಹಾಕಿ ನೋಡಿ. ಒಳಗೆ ನಟ್ಟನಡುವೆ ಸೂಜಿಯಷ್ಟು ತೆಳ್ಳಗಿನ ಒಂದು ಕಡ್ಡಿ ಕಾಣುತ್ತೆ. ಕರೆಂಟ್ ಹರಿಯೋದು ಅದರಲ್ಲಿ ಅಲ್ಲ. ‘ನಾನು ಇಷ್ಟು ವ್ಯಾಟಿನ ಚಾರ್ಜರ್’ ಅಂತ ಲ್ಯಾಪ್‌ಟಾಪಿಗೆ ಗುರುತು ಹೇಳೋದಷ್ಟೇ ಅದರ ಕೆಲಸ. ಆ ಕಡ್ಡಿ ಬಾಗಿದ್ದರೆ, ಇಲ್ಲಾ ಅದಕ್ಕೆ ಹೋಗೋ ಸಣ್ಣ ವೈರ್ ಪ್ಲಗ್ಗಿನ ಕುತ್ತಿಗೆಯ ಹತ್ತಿರ ಒಳಗೊಳಗೇ ತುಂಡಾಗಿದ್ದರೆ, ಲ್ಯಾಪ್‌ಟಾಪ್ ಆ ಚಾರ್ಜರನ್ನು ನಂಬೋದಿಲ್ಲ. ತಾನು ಆನ್ ಆಗೋಕೆ ಬೇಕಾದಷ್ಟು ಕರೆಂಟ್ ತಗೊಳ್ಳುತ್ತೆ, ಬ್ಯಾಟರಿಗೆ ಮಾತ್ರ ಬಿಡೋದಿಲ್ಲ. ಎಷ್ಟೋ ಸಲ ಪ್ರೊಸೆಸರನ್ನೂ ನಿಧಾನ ಮಾಡಿಬಿಡುತ್ತೆ. ಇತ್ತೀಚೆಗೆ ಸಿಸ್ಟಮ್ ತೆವಳ್ತಿದೆ ಅನ್ನಿಸಿದ್ದರೆ ಅದಕ್ಕೂ ಕಾರಣ ಇದೇ ಇರಬಹುದು. ಇಂಥ ಚಾರ್ಜರಿಗೆ ಮೀಟರ್ ಇಟ್ಟರೆ 19.5 ವೋಲ್ಟ್ ಸರಿಯಾಗಿಯೇ ಬರುತ್ತೆ. ಚಾರ್ಜರ್ ಸರಿ ಇದೆ, ಹಾಗಾದರೆ ಬ್ಯಾಟರಿಯದ್ದೇ ತಪ್ಪು ಅಂತ ತೀರ್ಪು ಬರೋದು ಇಲ್ಲಿಂದಲೇ.

ಪರೀಕ್ಷೆ ಸುಲಭ. ಡೆಲ್ ಆದರೆ ರೀಸ್ಟಾರ್ಟ್ ಮಾಡುವಾಗ ಎಫ್2 ಒತ್ತಿ ಬಯೋಸಿಗೆ ಹೋಗಿ, ಅಡಾಪ್ಟರ್ ಎಷ್ಟು ವ್ಯಾಟ್ ಅಂತ ತೋರಿಸ್ತಿದೆ ನೋಡಿ. 65 ಅಂತ ಇರಬೇಕಾದ ಕಡೆ ‘ಅನ್‌ನೋನ್’ ಅಂತಿದ್ದರೆ ಬ್ಯಾಟರಿಯ ಮಾತು ಅಲ್ಲಿಗೆ ಬಿಡಿ. ಬೇರೆ ಕಂಪನಿಯದಾದರೆ ಅದೇ ಮಾದರಿಯ ಲ್ಯಾಪ್‌ಟಾಪ್ ಇರೋ ಯಾರ ಹತ್ತಿರವಾದರೂ ಚಾರ್ಜರ್ ಕೇಳಿ ತಂದು ಹಾಕಿ ನೋಡೋದೇ ಒಳ್ಳೇದು. ಬೇರೆ ಚಾರ್ಜರಿನಲ್ಲೂ ಹೀಗೇ ಆದರೆ ಲ್ಯಾಪ್‌ಟಾಪಿನ ಸಾಕೆಟ್ ಮೇಲೆ ಅನುಮಾನ ಪಡಿ. ಪ್ಲಗ್ ಹಾಕಿ ಮೆಲ್ಲಗೆ ಆಚೀಚೆ ಆಡಿಸಿದಾಗ ಚಾರ್ಜಿಂಗ್ ಗುರುತು ಬಂದು ಹೋಗಿ ಮಾಡಿದರೆ ಸಾಕೆಟ್ ಸಡಿಲವಾಗಿದೆ ಅಂತ ಅರ್ಥ.

ನಿಮ್ಮದು ಟೈಪ್-ಸಿ ಆದರೆ ಲೆಕ್ಕ ಬೇರೆ. ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದರೆ ಅದು ಸಾಲದೇ ಹೋಗಬಹುದು, ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ ಕೇಳೋದು 20 ವೋಲ್ಟ್. ಕೇಬಲ್ಲನ್ನೂ ನಂಬೋ ಹಾಗಿಲ್ಲ. ಗುರುತಿನ ಚಿಪ್ ಇಲ್ಲದ ಸಾದಾ ಕೇಬಲ್ಲಿನಲ್ಲಿ 3 ಆಂಪಿಯರ್, ಅಂದರೆ 60 ವ್ಯಾಟ್‌ಗಿಂತ ಹೆಚ್ಚು ಹೋಗೋದಿಲ್ಲ, ಚಾರ್ಜರ್ 100 ವ್ಯಾಟಿನದ್ದಾದರೂ ಅಷ್ಟೇ. ಎರಡು ಟೈಪ್-ಸಿ ಕಿಂಡಿ ಇದ್ದರೆ ಇನ್ನೊಂದರಲ್ಲೂ ಹಾಕಿ ನೋಡಿ, ಕೆಲವು ಲ್ಯಾಪ್‌ಟಾಪುಗಳಲ್ಲಿ ಒಂದು ಕಿಂಡಿ ಬರೀ ಡೇಟಾಗೆ ಮೀಸಲು.

ಇಷ್ಟಾದ ಮೇಲೆ ಬ್ಯಾಟರಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶಗಳನ್ನು ಟೈಪ್ ಮಾಡೋ ಕಿಟಕಿ) ತೆಗೆದು ಇಂಗ್ಲಿಷಿನಲ್ಲಿ ‘ಪವರ್‌ಸಿಎಫ್‌ಜಿ’, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಅದಕ್ಕೇ ಅಂಟಿಸಿ ‘ಬ್ಯಾಟರಿರಿಪೋರ್ಟ್’ ಅಂತ ಹೊಡೆಯಿರಿ. ಒಂದು ವರದಿ ಸೇವ್ ಆಗುತ್ತೆ, ಎಲ್ಲಿ ಅಂತ ಅದೇ ಹೇಳುತ್ತೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’, ‘ಫುಲ್ ಚಾರ್ಜ್ ಕೆಪಾಸಿಟಿ’ ಅಂತ ಎರಡು ಸಾಲು ಹುಡುಕಿ. ಎರಡನೆಯದು ಮೊದಲಿನದರ ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿ ಸವೆದಿದೆ. ಆದರೆ ಬರೀ ಸವೆದ ಬ್ಯಾಟರಿ ಚಾರ್ಜ್ ಬೇಡ ಅನ್ನೋದಿಲ್ಲ, ಬೇಗ ತುಂಬಿ ಬೇಗ ಖಾಲಿಯಾಗುತ್ತೆ. ಹಾಗಾಗಿ ಇದೊಂದು ಅಂಕಿ ಹಿಡ್ಕೊಂಡು ಬ್ಯಾಟರಿ ತರಬೇಡಿ. ವರದಿಯಲ್ಲಿ ಬ್ಯಾಟರಿಯ ವಿವರವೇ ಇಲ್ಲದಿದ್ದರೆ, ಇಲ್ಲಾ ಒಳ್ಳೆ ಚಾರ್ಜರ್ ಹಾಕಿ ಬಯೋಸಿನಲ್ಲಿ ವ್ಯಾಟ್ ಸರಿಯಾಗಿ ಕಂಡರೂ ಅಂಕಿ ಏರದಿದ್ದರೆ, ಆಗ ಬ್ಯಾಟರಿಯೋ ಬೋರ್ಡಿನ ಚಾರ್ಜಿಂಗ್ ಭಾಗವೋ ಕೆಟ್ಟಿದೆ ಅನ್ನಬಹುದು. ಅಷ್ಟರಲ್ಲಿ ಒಮ್ಮೆ ಚಾರ್ಜರ್ ಕಿತ್ತು, ಶಟ್‌ಡೌನ್ ಮಾಡಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ನೋಡಿ. ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತೆ.

ಒಂದು ಸಂದರ್ಭದಲ್ಲಿ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ಟಚ್‌ಪ್ಯಾಡ್ ಮೇಲೆದ್ದಿದೆ, ಮುಚ್ಚಿದರೆ ಸ್ಕ್ರೀನ್ ಸರಿಯಾಗಿ ಕೂರ್ತಿಲ್ಲ, ಟೇಬಲ್ ಮೇಲಿಟ್ಟರೆ ಅಲುಗಾಡುತ್ತೆ ಅಂದರೆ ಬ್ಯಾಟರಿ ಊದಿಕೊಂಡಿರಬಹುದು. ಹಾಗಿದ್ದರೆ ಚಾರ್ಜರ್ ಕಿತ್ತುಬಿಡಿ, ಒತ್ತಿ ಕೂರಿಸೋಕೆ ಹೋಗಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ಅದನ್ನು ನೀವೇ ಬಿಚ್ಚದೆ ತಿಳಿದವರ ಕೈಲಿ ತೆಗೆಸಿ.

ಲ್ಯಾಪ್‌ಟಾಪ್ ಯಾವ ಮಾದರಿ, ಎಷ್ಟರಲ್ಲಿ ನಿಂತಿದೆ, ಬಯೋಸ್ ಎಷ್ಟು ವ್ಯಾಟ್ ತೋರಿಸುತ್ತೆ, ಈ ಮೂರನ್ನು ಕಾಮೆಂಟಿನಲ್ಲಿ ಹಾಕಿದರೆ ಮುಂದಿನದ್ದು ನೋಡೋಣ.