ದೂರ ಎಸೆದ ಕವಣೆಗೇ ಜಾಸ್ತಿ ಅಂಕ ಕೊಡಬೇಕಾ?

ಪ್ರಶ್ನೆ: ಸರ್, ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಏಳನೇ ತರಗತಿಯ 42 ಮಕ್ಕಳಿಗೆ ಐಸ್‌ಕ್ರೀಮ್ ಕಡ್ಡಿ, ರಬ್ಬರ್ ಬ್ಯಾಂಡ್, ಪ್ಲಾಸ್ಟಿಕ್ ಚಮಚ ಬಳಸಿ ಪುಟ್ಟ ಕವಣೆ ಯಂತ್ರ ಮಾಡಿ ತನ್ನಿ ಅಂದಿದ್ದೆ. ಯಾರದು ಎಲ್ಲರಿಗಿಂತ ದೂರ ಎಸೆಯುತ್ತದೋ ಅವರಿಗೆ 20ಕ್ಕೆ 20. ಗೆದ್ದ ಹುಡುಗನ ಕವಣೆಯನ್ನು ಅವರ ಬೀದಿಯ ಬಡಗಿ ಮಾಡಿಕೊಟ್ಟಿದ್ದು ಅಂತ ಆಮೇಲೆ ಗೊತ್ತಾಯಿತು. ತಾನೇ ಮೂರು ಸಲ ಬಿಚ್ಚಿ ಕಟ್ಟಿದ ಹುಡುಗಿಗೆ 8 ಬಂತು, ಅತ್ತುಬಿಟ್ಟಳು. ಮುಂದಿನ ಸಲ ಅಂಕ ಹೇಗೆ ಕೊಡಲಿ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ಮೊದಲು ಆ ಹುಡುಗಿಯ ಅಂಕ ತಿದ್ದಲು ಆಗುತ್ತದಾ ನೋಡಿ. ಬಡಗಿಗೆ 20ಕ್ಕೆ 20 ಬಂದದ್ದು ಸರಿಯಾಗಿಯೇ ಇದೆ, ಕೆಲಸ ಗೊತ್ತಿರುವವರು!

ಎಡವಟ್ಟು ಆಗಿದ್ದು ನೀವು ಕೇಳಿದ ಪ್ರಶ್ನೆಯಲ್ಲೇ. ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವವರನ್ನು ನೀವು ನೋಡಿರಬಹುದು. ಅವರ ಕಲ್ಲು ಪಕ್ಕದೂರಿಗೆ ಹೋಗಿ ಬಿದ್ದರೆ ಏನು ಲಾಭ? ಹಕ್ಕಿ ಕೂತ ಕಡೆಗೆ ಹೋಗಬೇಕು, ಪ್ರತಿ ಸಲವೂ ಹೋಗಬೇಕು. ಹಳೇ ಕಾಲದಲ್ಲಿ ಕೋಟೆ ಒಡೆಯಲು ಬಳಸುತ್ತಿದ್ದ ದೊಡ್ಡ ಕವಣೆಗಳದ್ದೂ ಇದೇ ಕಥೆ. ಗೋಡೆಯ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಡಿದರೆ ತಾನೇ ಗೋಡೆ ಬಿರುಕು ಬಿಡುವುದು. ಹಾಗಾಗಿ ಮಕ್ಕಳಿಗೆ ಒಂದು ಕೆಲಸ ಕೊಡಿ. ಎರಡು ಮೀಟರ್ ಆಚೆ ಒಂದು ಬುಟ್ಟಿ ಇಡಿ, ಐದು ಎಸೆತದಲ್ಲಿ ಎಷ್ಟು ಸಲ ಅದರೊಳಗೆ ಬೀಳಿಸುತ್ತೀರಿ ಅಂತ ಕೇಳಿ. ದೂರವೇ ಬೇಕು ಅಂದರೂ ಪರವಾಗಿಲ್ಲ, ಆದರೆ ಒಂದೇ ಎಸೆತ ನೋಡಿ ಅಂಕ ಹಾಕಬೇಡಿ.

ಒಂದು ಉದಾಹರಣೆ ನೋಡಿ. ಮೊದಲ ತಂಡದ ಐದು ಎಸೆತ 190, 410, 260, 210, 340 ಸೆಂಟಿಮೀಟರ್. ಎರಡನೇ ತಂಡದ್ದು 240, 250, 245, 238, 252. ಬರೀ ದೊಡ್ಡ ಎಸೆತ ನೋಡಿದರೆ ಮೊದಲ ತಂಡ ಗೆದ್ದಿತು, ಸರಾಸರಿ ತೆಗೆದರೂ ಅವರದೇ ಮೇಲು: 282 ಮತ್ತು 245. ಆದರೆ ಮೊದಲ ತಂಡದ ಎಸೆತಗಳ ನಡುವೆ 220 ಸೆಂಟಿಮೀಟರ್ ವ್ಯತ್ಯಾಸ ಇದೆ, ಎರಡನೇ ತಂಡದಲ್ಲಿ ಬರೀ 14. ಮುಂದಿನ ಎಸೆತ ಎಲ್ಲಿ ಬೀಳುತ್ತದೆ ಅಂತ ಎರಡನೇ ತಂಡದವರು ಮೊದಲೇ ಹೇಳಬಲ್ಲರು. ನನ್ನ ಕೇಳಿದರೆ ಅವರೇ ಒಳ್ಳೆ ಎಂಜಿನಿಯರ್‌ಗಳು. ಮೊದಲ ತಂಡದ ಕವಣೆಯಲ್ಲಿ ಎಲ್ಲೋ ಏನೋ ಸಡಿಲ ಇದೆ, ಅದು ಏನು ಅಂತ ಹುಡುಕುವುದೇ ಅವರ ಮುಂದಿನ ಕೆಲಸ.

ನಾನಾಗಿದ್ದರೆ 20 ಅಂಕದಲ್ಲಿ ಎಸೆತಕ್ಕೆ ಬರೀ 4 ಇಡುತ್ತಿದ್ದೆ. ನೋಟ್‌ಬುಕ್ಕಿಗೆ 6, ಮೊದಲ ಕವಣೆಯಿಂದ ಎರಡನೆಯದಕ್ಕೆ ಏನು ಬದಲಾಯಿಸಿದರು, ಯಾಕೆ ಬದಲಾಯಿಸಿದರು ಅನ್ನುವುದಕ್ಕೆ 6, ಉಳಿದ 4 ಬಾಯಿಮಾತಿಗೆ. ಎರಡನೇ ಕವಣೆ ಮೊದಲಿನದಕ್ಕಿಂತ ಕೆಟ್ಟದಾಗಿದ್ದರೂ ಕಾರಣ ಸರಿಯಾಗಿ ಹೇಳಿದರೆ ಆ 6ರಲ್ಲಿ ಕಡಿತ ಬೇಡ. ಇದನ್ನು ಕೇಳಿ ನಿಮ್ಮ ಹೆಡ್‌ಮಾಸ್ಟರ್ ಹುಬ್ಬೇರಿಸಬಹುದು, ಏರಿಸಲಿ ಬಿಡಿ.

ನೋಟ್‌ಬುಕ್ ಅಂದರೆ ಬಣ್ಣದ ಪೆನ್ನಿನಲ್ಲಿ ಬಾರ್ಡರ್ ಹಾಕಿ, ಹೂವು ಬಿಡಿಸಿ ತರುವುದಲ್ಲ. ದಿನಾಂಕ, ಒರಟು ಚಿತ್ರ, ಎಷ್ಟು ಕಡ್ಡಿ, ಎಷ್ಟು ರಬ್ಬರ್, ಐದು ಅಳತೆ, ಇಷ್ಟು ಸಾಕು. ಕಾಟು ಹೊಡೆದಿದ್ದರೆ ಇನ್ನೂ ಒಳ್ಳೆಯದು. ತೀರಾ ಚೊಕ್ಕಟವಾಗಿದ್ದರೆ ಹಿಂದಿನ ರಾತ್ರಿ ಕೂತು ಬರೆದದ್ದು ಅಂತಲೇ ಲೆಕ್ಕ, ಅಲ್ವಾ?

'ಒಂದು ಸಲಕ್ಕೆ ಒಂದೇ ಬದಲಾವಣೆ' ಅಂತ ನಾವು ಹೇಳಿಕೊಡುತ್ತೇವೆ. ರಬ್ಬರನ್ನೂ ಚಮಚದ ಉದ್ದವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಆದರೆ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟುವ ಕವಣೆಯಲ್ಲಿ ಇದು ಅಷ್ಟು ಸುಲಭ ಅಲ್ಲ. ಐದು ಕಡ್ಡಿ ಇದ್ದದ್ದನ್ನು ಎಂಟು ಮಾಡಿದರೆ ಮೇಲಿನ ತೋಳು ಜಾಸ್ತಿ ಬಾಗುತ್ತದೆ, ಜೊತೆಗೆ ಅದು ನಿಲ್ಲುವ ಕೋನವೂ ಬದಲಾಗುತ್ತದೆ. ಮಗು ಬದಲಿಸಿದ್ದು ಒಂದು, ಬದಲಾದದ್ದು ಎರಡು. ಇದನ್ನು ಯಾವ ಮಗುವಾದರೂ ತಾನಾಗಿ ಕಂಡುಹಿಡಿದು ಬರೆದಿದ್ದರೆ ಕಣ್ಣು ಮುಚ್ಚಿ ಪೂರ್ತಿ ಅಂಕ ಕೊಡಿ.

ಬಾಯಿಮಾತಿಗೆ ಪ್ರತಿ ಮಗುವಿಗೂ ಒಂದೇ ಪ್ರಶ್ನೆ ಸಾಕು, ಎರಡು ನಿಮಿಷ. 'ಈ ತೋಳನ್ನು ಇನ್ನೆರಡು ಇಂಚು ಉದ್ದ ಮಾಡಿದರೆ ಏನಾಗಬಹುದು?' ಅಂತ ಕೇಳಿ. ಊಹೆ ತಪ್ಪಾದರೂ ಚಿಂತೆ ಇಲ್ಲ, ಕಾರಣ ಹೇಳಲಿ. ತೋಳು ಉದ್ದವಾದರೆ ತುದಿ ಜೋರಾಗಿ ಬೀಸಬಹುದು, ಆದರೆ ತೋಳಿನ ಭಾರವೂ ಹೆಚ್ಚುತ್ತದೆ, ಅದನ್ನೆಲ್ಲಾ ಎಳೆಯುವುದು ಅದೇ ರಬ್ಬರ್ ತಾನೇ. ಹಾಗಾಗಿ ಒಂದು ಮಿತಿ ದಾಟಿದ ಮೇಲೆ ದೂರ ಕಡಿಮೆಯಾಗುತ್ತದೆ. ಗುಂಪಿನಲ್ಲಿ ಯಾರು ಕೆಲಸ ಮಾಡಿದ್ದಾರೆ, ಯಾರು ಸುಮ್ನೆ ಪಕ್ಕದಲ್ಲಿ ನಿಂತಿದ್ದರು ಅನ್ನುವುದೂ ಈ ಎರಡು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಬಡಗಿಯ ಸಮಸ್ಯೆಗೆ ಒಂದೇ ಮದ್ದು, ಕಟ್ಟುವುದು ತರಗತಿಯಲ್ಲೇ ಆಗಬೇಕು. ಮೂರು ಪೀರಿಯಡ್ ಬೇಕಾಗುತ್ತದೆ. ಎಲ್ಲರಿಗೂ ಅಷ್ಟೇ ಕಡ್ಡಿ, ಅಷ್ಟೇ ರಬ್ಬರ್. ಎಸೆಯಲಿಕ್ಕೂ ಒಂದೇ ವಸ್ತು ಕೊಡಿ. ಒಬ್ಬರು ಕಡಲೆಕಾಳು, ಇನ್ನೊಬ್ಬರು ಕಾಗದದ ಉಂಡೆ ಎಸೆದರೆ ಹೋಲಿಕೆಯೇ ಆಗುವುದಿಲ್ಲ, ಕಾಗದವನ್ನು ಗಾಳಿಯೇ ತಡೆದುಬಿಡುತ್ತದೆ. ಕವಣೆಯನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿ, ಇಲ್ಲದಿದ್ದರೆ ಅದೇ ಕುಪ್ಪಳಿಸುತ್ತದೆ, ಕಾಳು ಅಲ್ಲೇ ಬೀಳುತ್ತದೆ. ಅಳೆಯುವುದು ಮೊದಲು ನೆಲ ಮುಟ್ಟಿದ ಜಾಗದವರೆಗೆ, ಉರುಳಿ ನಿಂತ ಜಾಗದವರೆಗೆ ಅಲ್ಲ. ನೆಲದ ಮೇಲೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿದರೆ ಗುರುತು ಚೆನ್ನಾಗಿ ಮೂಡುತ್ತದೆ. ಇನ್ನೊಂದು ಮಾತು, ರಬ್ಬರನ್ನು ರಾತ್ರಿಯಿಡೀ ಎಳೆದಿಟ್ಟರೆ ಸಡಿಲವಾಗುತ್ತದೆ, ಮರುದಿನದ ಅಳತೆ ಕಡಿಮೆ ಬಂದರೆ ಮಕ್ಕಳನ್ನು ಬೈಯಬೇಡಿ. ಎದುರಿಗೆ ಯಾರೂ ನಿಲ್ಲಬಾರದು, ಕಲ್ಲು, ಪೆನ್ಸಿಲ್ ಎಸೆಯಬಾರದು. ಈ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ, ಕಣ್ಣಿನ ಪ್ರಶ್ನೆ.

ಪ್ರಶ್ನೆ: ಮಗಳ ಶಾಲೆಯಲ್ಲೂ ಇದೇ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಆನ್‌ಲೈನಿನಲ್ಲಿ ಕವಣೆ ಕಿಟ್ ಸಿಗುತ್ತದೆ. ತರಿಸಿಕೊಡಬಹುದಾ?
– ಒಬ್ಬ ತಂದೆ, ಬೆಂಗಳೂರು

ಉತ್ತರ: ತರಿಸಿ, ಆದರೆ ಪ್ರಾಜೆಕ್ಟ್ ಮುಗಿದ ಮೇಲೆ. ಈಗ ನಿಮ್ಮ ಕೆಲಸ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ಸೆಂಟಿಮೀಟರ್ ಓದುವುದು ಅಷ್ಟೇ. ಕೈ ಎಷ್ಟೇ ತುರಿಸಿದರೂ ಕವಣೆ ಮುಟ್ಟಬೇಡಿ.

ಪ್ರಶ್ನೆ: ಅಂಕಲ್, ನನ್ನ ಕವಣೆಯಿಂದ ಕಾಳು ದೂರ ಹೋಗುವುದೇ ಇಲ್ಲ. ಎದುರಿಗೇ ನೆಲಕ್ಕೆ ಬಡಿಯುತ್ತದೆ. ರಬ್ಬರ್ ಜಾಸ್ತಿ ಹಾಕಿದರೂ ಹಾಗೇ.
– ಏಳನೇ ತರಗತಿ ವಿದ್ಯಾರ್ಥಿ, ಶಿರಸಿ

ಉತ್ತರ: ಪುಟ್ಟಾ, ರಬ್ಬರಿನ ತಪ್ಪಲ್ಲ. ನಿನ್ನ ಚಮಚ ನಿಲ್ಲಬೇಕಾದ ಕಡೆ ನಿಲ್ಲದೆ ಮುಂದಕ್ಕೆ ಬಾಗುತ್ತಿದೆ. ಚಮಚ ನೆಟ್ಟಗೆ ಬಂದು ನಿಂತರೆ ಕಾಳು ನೆಲಕ್ಕೆ ಸಮನಾಗಿ ಹಾರುತ್ತದೆ, ಅದಕ್ಕಿಂತ ಮುಂದೆ ಹೋದರೆ ಕೆಳಕ್ಕೇ ಹಾರುತ್ತದೆ. ಸುಮಾರು 45 ಡಿಗ್ರಿಯಲ್ಲಿ ಮೇಲಕ್ಕೆ ಹಾರಬೇಕಾದರೆ ಚಮಚ ನೆಟ್ಟಗಾಗುವುದಕ್ಕೂ ಮೊದಲೇ, ಇನ್ನೂ ಹಿಂದಕ್ಕೆ ವಾಲಿರುವಾಗಲೇ ನಿಲ್ಲಬೇಕು. ಚಮಚದ ಕುತ್ತಿಗೆಗೂ ಹಿಂದಿನ ಕಡ್ಡಿಗೂ ಒಂದು ಗಟ್ಟಿ ದಾರ ಕಟ್ಟು, ದಾರ ಬಿಗಿಯಾದ ಕೂಡಲೇ ಚಮಚ ನಿಲ್ಲುತ್ತದೆ. ಮನೆಯಲ್ಲಿ ಯಾರ ಫೋನಿನಲ್ಲಾದರೂ ಸ್ಲೋ ಮೋಷನ್ ವಿಡಿಯೋ ತೆಗೆದು ನೋಡು, ಎಲ್ಲಿ ನಿಲ್ಲುತ್ತಿದೆ ಅಂತ ಗೊತ್ತಾಗುತ್ತದೆ. ದಾರ ಕಟ್ಟುವ ಮುಂಚಿನ ಐದು ಅಳತೆಯನ್ನು ಮಾತ್ರ ಅಳಿಸಬೇಡ, ಟೀಚರ್ ಕೇಳಿದರೆ ಅದನ್ನೇ ಮೊದಲು ತೋರಿಸು.