ಎಣಿಸುವುದು ಬಿಟ್ಟರೆ ಬೇರೇನೂ ಬಾರದವರು: ಒಂದು ಆಪ್ತಸಲಹೆ ಪ್ರಕರಣ

ಬಾಗಲಕೋಟೆಯ ನವನಗರದಿಂದ ನನ್ನಲ್ಲಿಗೆ ಬಂದ 49 ವರ್ಷದ ಮಹಿಳೆಯೊಬ್ಬರನ್ನು ಇಲ್ಲಿ ‘ಗ’ ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆದಿದ್ದೇನೆ. ಅವರು ಪತ್ತಿನ ಸಹಕಾರಿ ಸಂಘವೊಂದರಲ್ಲಿ ಕ್ಯಾಷಿಯರ್. ಮಗಳ ಮದುವೆಯಾದ ಮೇಲೆ ಸಂಜೆಯ ಹೊತ್ತು ಕಳೆಯುವುದೇ ಕಷ್ಟವಾಗಿ, ನಿದ್ದೆಯೂ ತಡವಾಗತೊಡಗಿತ್ತು. ಖಿನ್ನತೆಯಿದ್ದರೆ ಹವ್ಯಾಸವೊಂದೇ ಅದಕ್ಕೆ ಚಿಕಿತ್ಸೆಯಾಗಲಾರದು; ಆದ್ದರಿಂದ ಮೊದಲು ವೈದ್ಯರಿಂದ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿ, ಹಸಿವು, ಆಸಕ್ತಿ, ಬದುಕಿನ ಬಗೆಗಿನ ಭಾವನೆಗಳನ್ನು ವಿವರವಾಗಿ ವಿಚಾರಿಸಿದೆ. ಆತಂಕಪಡುವಂಥದ್ದೇನೂ ಕಾಣಲಿಲ್ಲ.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಕಲಿಯಬೇಕೆನಿಸುವ ಹತ್ತು ಹವ್ಯಾಸಗಳನ್ನು ಬರೆದು ತರಲು ಹೇಳಿದ್ದೆ. ಅವರು ತಂದ ಹಾಳೆಯಲ್ಲಿ ರಂಗೋಲಿ, ಭಜನೆ, ಹೊಲಿಗೆ, ಚಿತ್ರಕಲೆ ಎಲ್ಲವೂ ಇದ್ದವು, ಆದರೆ ಪ್ರತಿಯೊಂದರ ಮುಂದೆಯೂ ಅದನ್ನು ತಮಗಿಂತ ಚೆನ್ನಾಗಿ ಬಲ್ಲವರೊಬ್ಬರ ಹೆಸರಿತ್ತು. ಮೂರು ಕಡೆ ಅವರ ನೆಗೆಣ್ಣಿಯದೇ. ಇಳಕಲ್ ಸೀರೆಯೂ ಗುಳೇದಗುಡ್ಡದ ಖಣವೂ ನಿತ್ಯ ಕಣ್ಣಿಗೆ ಬೀಳುವ, ಮನೆಮನೆಯಲ್ಲೂ ಕೌದಿ ಹೊಲಿಯುವ ಕೈಗಳಿದ್ದ ಈ ಜಿಲ್ಲೆಯಲ್ಲಿ ವಕ್ರವಾದ ಒಂದು ಹೊಲಿಗೆ ಯಾರ ಕಣ್ಣನ್ನೂ ತಪ್ಪಿಸಿಕೊಳ್ಳುವುದಿಲ್ಲ. ಅವರ ಅಳುಕು ಪೂರ್ತಿ ಕಲ್ಪನೆಯದಾಗಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ಅವರು ಬರೆದ ಚಿತ್ರವನ್ನು ಶಿಕ್ಷಕರೊಬ್ಬರು ಇಡೀ ತರಗತಿಗೆ ಎತ್ತಿ ತೋರಿಸಿ ನಗಿಸಿದ್ದರು. ಅಂದಿನಿಂದ ಅವರು ಪೆನ್ಸಿಲ್ ಹಿಡಿದಿರಲಿಲ್ಲ.

“ನಂಗ ಎಣಸೂದು ಬಿಟ್ರ ಏನೂ ಬರೂದಿಲ್ರಿ, ಮೇಡಂ” ಎಂದರು. ಈ ಮಾತನ್ನು ನಾನು ಸಮಾಧಾನ ಹೇಳಿ ಅಳಿಸಲು ಹೋಗಲಿಲ್ಲ, ಏಕೆಂದರೆ ನಮ್ಮ ಕಸೂತಿ ಎಣಿಕೆಯ ಕಲೆಯೇ. ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ; ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡುತ್ತವೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯಿಂದ ಆರಂಭಿಸಲು ಸೂಚಿಸಿದೆ. ಅದರಲ್ಲಿ ಸೂಜಿ ಒಂದು ಎಳೆಸಾಲಿನಲ್ಲಿ ನಡುನಡುವೆ ಜಾಗ ಬಿಡುತ್ತ ಹೋಗಿ, ಅದೇ ದಾರಿಯಲ್ಲಿ ಆ ಖಾಲಿ ಜಾಗಗಳನ್ನು ತುಂಬುತ್ತ ಹಿಂದಿರುಗುತ್ತದೆ. ಆದ್ದರಿಂದಲೇ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಹೋಗುವಾಗ ಒಂದು ಎಳೆ ತಪ್ಪಿದ್ದರೆ ಬರುವಾಗ ಗೊತ್ತಾಗಿಯೇ ತೀರುತ್ತದೆ.

ಕೊಟ್ಟ ಸಲಹೆ ಸರಳವಾಗಿತ್ತು. ಎಳೆಗಳು ಬರಿಗಣ್ಣಿಗೆ ಕಾಣುವ ಮ್ಯಾಟಿ ಬಟ್ಟೆ, ಒಂದೇ ಬಣ್ಣದ ದಾರ, ಮಂಗಳವಾರ, ಗುರುವಾರ ಮತ್ತು ಶನಿವಾರ ಸಂಜೆ ಇಪ್ಪತ್ತು ನಿಮಿಷ. ಮನಸ್ಸಿಲ್ಲದಿದ್ದರೂ ಕೂರಬೇಕು, ಮನಸ್ಸಿದ್ದರೂ ಹೊತ್ತು ಮುಗಿದೊಡನೆ ಏಳಬೇಕು. ‘ಮನಸ್ಸು ಬಂದಾಗ ಮಾಡುತ್ತೇನೆ’ ಎನ್ನುವವರಿಗೆ ಆ ಮನಸ್ಸು ಬಹುಪಾಲು ಕೆಲಸ ಶುರುವಾದ ಮೇಲೆಯೇ ಬರುತ್ತದೆ. ಆರು ವಾರ ಯಾರಿಗೂ ತೋರಿಸಬಾರದು ಎಂದೂ ಹೇಳಿದ್ದೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ‘ಇದು ನನ್ನಿಂದಾದೀತು’ ಎಂಬ ನಂಬಿಕೆಗೆ ಇತರರ ಪ್ರೋತ್ಸಾಹದ ಮಾತಿಗಿಂತ ಸ್ವತಃ ಮಾಡಿ ಮುಗಿಸಿದ ಅನುಭವವೇ ಗಟ್ಟಿಯಾದ ಆಧಾರ. ಅದಕ್ಕಾಗಿ ನಾನೂ ಅವರ ಕೆಲಸವನ್ನು ಹೊಗಳುವುದನ್ನು ಆದಷ್ಟು ತಡೆದುಕೊಂಡೆ.

ಮೂರನೆಯ ವಾರ ನೆಗೆಣ್ಣಿ ಬಟ್ಟೆಯನ್ನು ನೋಡಿಬಿಟ್ಟು, “ಇದನ್ನ ನಾವು ಏಳನೇತ್ತಿಯೊಳಗ ಮಾಡಿದ್ವಿ” ಎಂದರಂತೆ. ‘ಗ’ ಹನ್ನೆರಡು ದಿನ ಡಬ್ಬಿ ತೆರೆಯಲಿಲ್ಲ. ಮುಂದಿನ ಭೇಟಿಯಲ್ಲಿ ಸಂಜೆ ನಗದು ತಾಳೆಯಾಗದಿದ್ದರೆ ಏನು ಮಾಡುತ್ತೀರೆಂದು ಕೇಳಿದೆ. “ಮತ್ತ ಎಣಸ್ತೇನ್ರಿ” ಎಂದರು. ಆಗ ‘ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ’ ಎನಿಸುತ್ತದೆಯೇ ಎಂದಾಗ ಅವರಿಗೆ ನಗು ಬಂತು. ಹತ್ತು ರೂಪಾಯಿ ಕಡಿಮೆ ಬಂದರೆ ಅವರಿಗೆ ಅದು ಹತ್ತು ರೂಪಾಯಿಯ ತಪ್ಪು ಮಾತ್ರ. ಸೂಜಿ ಒಂದು ಎಳೆ ತಪ್ಪಿದರೆ ಮಾತ್ರ ಅದು ತಮ್ಮ ಯೋಗ್ಯತೆಯ ಮೇಲಿನ ತೀರ್ಪು. ಅಂದಿನ ಪೂರ್ತಿ ಹೊತ್ತನ್ನು ಈ ಒಂದು ವ್ಯತ್ಯಾಸದ ಮೇಲೆಯೇ ಕಳೆದೆವು. ತಪ್ಪಿದ ತುಣುಕುಗಳನ್ನು ಬಿಚ್ಚದೆ, ಅಂಚಿನಲ್ಲಿ ದಿನಾಂಕವನ್ನೂ ಎಷ್ಟನೆಯ ಎಳೆಯಲ್ಲಿ ತಪ್ಪಿತೆಂಬುದನ್ನೂ ಬರೆದಿಡಲು ಹೇಳಿದೆ. ಲೆಕ್ಕದ ಕೆಲಸದವರಿಗೆ ಒಗ್ಗುವ ಉಪಾಯ ಇದು, ಎಲ್ಲರಿಗೂ ಹೇಳುವಂಥದ್ದಲ್ಲ.

ನಾಲ್ಕು ತಿಂಗಳ ನಂತರ ನಿದ್ದೆ ಸುಧಾರಿಸಿತ್ತು. ಭಾನುವಾರದ ಸಂಜೆಗಳು ಮಾತ್ರ ಈಗಲೂ ಭಾರವೇ. ನೆಗೆಣ್ಣಿಗೆ ತೋರಿಸುವ ಧೈರ್ಯವೂ ಬಂದಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಕೊನೆಯ ಭೇಟಿಗೆ ಅವರು ಅಂಗೈಯಗಲದ ಗೋಪುರವೊಂದನ್ನು ತಂದಿದ್ದರು. ಎರಡೂ ಬದಿ ಸಮವಾಗಿ ಬಂದಿದೆ ಎಂದೆ. ಅವರು ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, “ಇಲ್ರಿ ಮೇಡಂ, ಎಡಕ್ಕ ಒಂದು ಮೆಟ್ಟಲಾ ಕಡಿಮಿ ಐತಿ. ಮುಂದಿನ ಸಲ ನಡುವಿನ ಎಳಿಯಿಂದ ಹಿಡೀತೇನಿ” ಎಂದು ಮಡಚಿ ಚೀಲದಲ್ಲಿಟ್ಟರು.